ಎಲೆ ಮುಂದಿನ ಉಪ್ಸಾರಿನ ಬಟ್ಟಲು ಎತ್ತಿಕೊಂಡ ಬಗ್ಗೆ

ಕೊಳ್ಳೇಗಾಲ
೨೦-೦೨-೨೦೨೬, ಶುಕ್ರವಾರ
ಬೆಳಿಗ್ಗೆ ೬ ಗಂಟೆ ೪೦ ನಿಮಿಷ

ಇಂದ:
ಷಡಕ್ಷರಿ, ಬಿ.ಎಸ್ಸಿ.,
ರಸಾಯನಶಾಸ್ತ್ರ ಪ್ರಯೋಗಾಲಯ ಬೋಧಕ,
ಧನುಶ್ರೀಯ ಅಣ್ಣ,
ಕೊಳ್ಳೇಗಾಲ.

ಗೆ:
ಶ್ರೀ ಗುರುಪಾದಸ್ವಾಮಿಯವರು,
ನಿವೃತ್ತ ಶಿರಸ್ತೇದಾರರು,
ಚಿ. ಪರಮೇಶನ ದೊಡ್ಡಪ್ಪನವರು,
ಯಳಂದೂರು.

ವಿಷಯ: ನನ್ನ ತಂಗಿಯನ್ನು ನೋಡಲು ಬಂದು ಊಟಕ್ಕೆ ಕೂತಿದ್ದ ತಮ್ಮ ಎಲೆಯ ಮುಂದಿನಿಂದ ಉಪ್ಸಾರಿನ ಬಟ್ಟಲನ್ನು ಎತ್ತಿಕೊಂಡದ್ದು ಸಂಬಂಧ ಬೇಡವೆಂಬ ಸೂಚನೆಯಲ್ಲ, ಮಡಕೆ ರಿಪೇರಿಗೆ ಸೇರಿದ ತಾಂತ್ರಿಕ ಕ್ರಮ ಎಂದು ಪರಿಗಣಿಸಲು ಕೋರಿ.

ಉಲ್ಲೇಖ:
೧. ತಾವು ದಿನಾಂಕ ೦೮-೦೨-೨೦೨೬ರಂದು ನಮ್ಮ ಮನೆ ಬಾಗಿಲಲ್ಲಿ, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿದ್ದ ಸ್ಥಿತಿಯಲ್ಲಿ ನೀಡಿದ ಮೌಖಿಕ ಆದೇಶ: "ಏನಿದ್ರೂ ಬರವಣಿಗೇಲಿ ಕೊಡಿ."
೨. ನನ್ನ ತಾಯಿ ಚನ್ನಾಜಮ್ಮನವರ ಮೌಖಿಕ ಜ್ಞಾಪನಗಳು (ದಿನಕ್ಕೆ ಸರಾಸರಿ ಆರು).
೩. ಎರಡು ಟ್ಯೂಬಿನ ಅಂಟಿನ ಪೊಟ್ಟಣದ ಹಿಂಬದಿಯ ಎಚ್ಚರಿಕೆ (ಅಕ್ಷರದ ಎತ್ತರ ಒಂದು ಮಿಲಿಮೀಟರ್).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಕಡೆ ಹೆಣ್ಣು ನೋಡಲು ಬಂದವರು ಒಪ್ಪಿಗೆ ಇಲ್ಲದಿದ್ದರೆ ಉಪ್ಪಿಟ್ಟು ಕಾಫಿಗೆ ಮುಗಿಸಿ ಎದ್ದುಬಿಡುತ್ತಾರೆ. ಎಲೆ ಮುಂದೆ ಕೂತು ಮುದ್ದೆ ಮುರಿದರು ಎಂದರೆ ಒಪ್ಪಿದರು ಎಂದೇ ಅರ್ಥ. ತಾವು ಕೂತಿರಿ, ಮುದ್ದೆ ಮುರಿದಿರಿ. ಅಷ್ಟರಲ್ಲಿ ನಾನು ಬಟ್ಟಲು ಎತ್ತಿಕೊಂಡೆ. ತಂದೆ ಇಲ್ಲದ ಮನೆಯಲ್ಲಿ ಅಣ್ಣನೇ ಯಜಮಾನನಾದ ಕಾರಣ, ಯಜಮಾನನೇ ಊಟ ಎತ್ತಿದ ಮೇಲೆ ಹೆಣ್ಣಿನ ಕಡೆಯವರು ಒಲ್ಲೆ ಎಂದಂತಾಯಿತೆಂದು ತಾವು ತೀರ್ಮಾನಿಸಿದ್ದೀರಿ. ರೂಢಿಯ ಪ್ರಕಾರ ತಮ್ಮ ತೀರ್ಮಾನದಲ್ಲಿ ತಪ್ಪಿಲ್ಲ. ಸಂಗತಿಯ ಪ್ರಕಾರ ತಪ್ಪಿದೆ. ಆದ್ದರಿಂದ ಸಂಗತಿಗಳನ್ನು ಕ್ರಮವಾಗಿ ಈ ಕೆಳಗೆ ನಮೂದಿಸಿದ್ದೇನೆ.

೧. ಸದರಿ ಮಡಕೆಯು ನಮ್ಮ ಪೂರ್ವಜರ ಆಸ್ತಿಯಲ್ಲ. ೨೦೧೪ರಲ್ಲಿ ಅಮ್ಮ ಹನೂರು ಸಂತೆಯಲ್ಲಿ ಪುಟ್ಟಸಿದ್ದಯ್ಯ ಎಂಬ ಕುಂಬಾರರ ಹತ್ತಿರ, ಹನ್ನೊಂದು ಮಡಕೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಹನ್ನೆರಡನೆಯದನ್ನು ಕೊಂಡದ್ದು. ಹಿಡಿಯುವುದು ನಾಲ್ಕೂವರೆ ಲೀಟರ್. ಮಡಕೆ ಸಾರಿಗೆ ಒಗ್ಗಲು ಮೂರು ವರ್ಷ ಬೇಕು ಎಂಬುದು ಅಮ್ಮನ ಲೆಕ್ಕ. ಒಗ್ಗಿದ ಮೇಲೆ ಅದರಲ್ಲಿ ಕಾಳು, ಸೊಪ್ಪು, ಉಪ್ಪು ಮೂರೇ ಹಾಕಿ ಬೇಯಿಸಿದರೂ ಬೀದಿಯ ತಿರುವಿನವರೆಗೆ ವಾಸನೆ ಬರುತ್ತಿತ್ತು. ಇದನ್ನು ನಾನು ಅಳೆದಿಲ್ಲ, ಬೀದಿಯವರು ಹೇಳಿದ್ದು.

೨. ದಿನಾಂಕ ೧೭-೦೧-೨೦೨೬ರ ಶನಿವಾರ ಅಮ್ಮ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದರು. ಬಸ್ಸಿಗೆ ಹೋಗುವ ಮುಂಚೆ, "ಮಡಕೇಲಿ ಸಾರದೆ, ಸಣ್ಣ ಉರೀಲಿ ಬಿಸಿ ಮಾಡ್ಕಂಡು ಉಣ್ಣು, ಅಂಗೇ ಎತ್ತಿ ಎಲ್ಲೆಂದ್ರಲ್ಲಿ ಮಡಗಬ್ಯಾಡ" ಎಂದು ಹೇಳಿದ್ದರು. ನಾನು ದೊಡ್ಡ ಉರಿಯಲ್ಲಿ ಬಿಸಿ ಮಾಡಿ, ಎತ್ತಿ, ಆಗಷ್ಟೇ ನೀರು ಚೆಲ್ಲಿದ್ದ ಕಲ್ಲಿನ ಕಟ್ಟೆಯ ಮೇಲೆ ಇಟ್ಟೆ. ಟಿಕ್ ಎಂದಿತು. ಮಡಕೆಯ ಹೆಗಲಿನಿಂದ ಅಂಗೈಯಗಲದ ಒಂದು ಚೂರು ಕಳಚಿ, ಅಲ್ಲಿಂದ ಕೆಳಕ್ಕೆ ಒಂಬತ್ತು ಸೆಂಟಿಮೀಟರ್ ಬಿರುಕು ಬಿಟ್ಟಿತು.

ಬಿಸಿ ಬೀಕರನ್ನು ಒದ್ದೆ ಮೇಜಿನ ಮೇಲೆ ಇಡಬಾರದು, ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿ ಒಡೆಯುತ್ತದೆ ಎಂದು ಪ್ರತಿ ವರ್ಷ ಜೂನ್ ತಿಂಗಳ ಮೊದಲ ವಾರ ವಿದ್ಯಾರ್ಥಿಗಳಿಗೆ ಹೇಳುವುದು ನನ್ನ ಕೆಲಸ. ಹದಿಮೂರು ವರ್ಷದಿಂದ ಹೇಳುತ್ತಿದ್ದೇನೆ. ಅವರು ಯಾರೂ ಈವರೆಗೆ ಒಡೆದಿಲ್ಲ.

೩. ಅಮ್ಮ ಬೆಟ್ಟದಿಂದ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಐದು ದಿನ ನಿಂತ ಕಾರಣ ನನಗೆ ಕಾಲಾವಕಾಶ ದೊರೆಯಿತು. ಆಗ ನಾನು ಮಾಡಬಹುದಾಗಿದ್ದ ಅತ್ಯಂತ ಸುಲಭದ ಕೆಲಸ ಫೋನ್ ಮಾಡಿ "ಅಮ್ಮ, ಮಡಕೆ ಒಡೆದೆ" ಎನ್ನುವುದು. ಅದನ್ನು ಬಿಟ್ಟು ಬೇರೆಲ್ಲ ಮಾಡಿದೆ.

ಮೊದಲು ಮಡಕೆಯನ್ನೂ ಚೂರನ್ನೂ ಎರಡು ದಿನ ಬಿಸಿಲಿಗಿಟ್ಟೆ. ಮಣ್ಣು ನೀರು ಕುಡಿದಿರುತ್ತದೆ. ತೇವದ ಮೇಲೆ ಯಾವ ಅಂಟೂ ಹಿಡಿಯದು. ನಂತರ ರಾಗಿ ಹಿಟ್ಟಿನ ಸರಿ ಕಾಯಿಸಿ ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಇರುವೆಗಳು ಅದನ್ನು ತೆರವುಗೊಳಿಸಿದ್ದವು. ಆಮೇಲೆ ಹಾಲು ಒಡೆಸಿ, ಬಂದ ಗಟ್ಟಿಯನ್ನು ತೊಳೆದು, ಎಲೆಯಡಿಕೆಯ ಸುಣ್ಣದೊಂದಿಗೆ ಅರೆದು ಅಂಟು ಮಾಡಿದೆ. ಇದು ಒಳ್ಳೆಯ ಅಂಟು, ಹಳೆಯ ಕಾಲದ್ದು, ವಿಷವೂ ಅಲ್ಲ. ಒಣಗಿದಾಗ ಕಲ್ಲಿನಂತಾಯಿತು. ಆದರೆ ನೀರು ಹಾಕಿ ಕುದಿಸಿದಾಗ ಹನ್ನೊಂದನೇ ನಿಮಿಷಕ್ಕೆ ಚೂರು ಕಳಚಿ ಕುದಿಯುವ ನೀರಿನೊಳಗೆ ಬಿತ್ತು.

ಮಾನ್ಯರೇ, ಆ ಹನ್ನೊಂದನೇ ನಿಮಿಷಕ್ಕೆ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಕಬ್ಬಿಣದ ಅಂಗಡಿಗೆ ಹೋಗಿ ಎರಡು ಟ್ಯೂಬಿನ ಅಂಟು ತಂದೆ. ಎರಡನ್ನೂ ಸಮವಾಗಿ ತೂಗಿ ಕಲಸಿ, ಚೂರು ಕೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಒಡೆದ ಹೂಕುಂಡವೊಂದನ್ನು ಕುಟ್ಟಿ ಪುಡಿ ಮಾಡಿ, ಅದೇ ಅಂಟಿನಲ್ಲಿ ಕಲಸಿ, ಸಂದು ತುಂಬಿದೆ. ಉಜ್ಜುಕಾಗದದಿಂದ ತಿಕ್ಕಿದೆ. ಮೇಲೆ ದೀಪದ ಮಸಿ ಸವರಿದೆ. ಮುಗಿದಾಗ ಕಣ್ಣಿಗೆ ಕಾಣುತ್ತಿರಲಿಲ್ಲ, ಕೈ ಸವರಿದರೆ ತಿಳಿಯುತ್ತಿರಲಿಲ್ಲ, ನೀರು ತುಂಬಿಟ್ಟರೆ ಒಂದು ಹನಿ ಜಿನುಗಲಿಲ್ಲ. ನನ್ನ ಕೈಯಿಂದ ಇಷ್ಟು ಚೆನ್ನಾದ ಕೆಲಸ ಇನ್ನೊಂದು ಆಗಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.

೪. ಪೊಟ್ಟಣದ ಹಿಂಬದಿಯನ್ನು (ಉಲ್ಲೇಖ ೩) ನಾನು ಆಮೇಲೆ ಓದಿದೆ. ಆಹಾರಕ್ಕೆ ತಾಗುವ ಪಾತ್ರೆಗೆ ಬಳಸಬೇಡಿ, ಬಿಸಿಗೆ ಒಡ್ಡಬೇಡಿ ಎಂದಿತ್ತು. ಇಂಥ ಅಂಟು ಸಾರು ಕುದಿಯುವುದಕ್ಕೆ ಬಹಳ ಮುಂಚೆಯೇ ಮೆತ್ತಗಾಗುತ್ತದೆಂದು ಓದುವ ಮುಂಚೆಯೂ ನನಗೆ ಗೊತ್ತಿತ್ತು. ಆದ್ದರಿಂದ ಈ ಮಡಕೆ ಇನ್ನು ಮುಂದೆ ಒಲೆ ಏರುವಂತಿಲ್ಲ ಎಂದು ತೀರ್ಮಾನಿಸಿ, ಅಟ್ಟದ ಮೇಲಿಟ್ಟೆ. ಅಮ್ಮ ಬಂದು ಕೇಳಿದಾಗ, ಮಣ್ಣಿನ ಪಾತ್ರೆಗಳಿಗೆ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಮೂರು ತಿಂಗಳ ವಿಶ್ರಾಂತಿ ಕೊಡಬೇಕೆಂದು ವಿಜ್ಞಾನ ಹೇಳುತ್ತದೆ ಎಂದೆ. ವಿಜ್ಞಾನ ಹಾಗೆ ಹೇಳುವುದಿಲ್ಲ.

"ಮಡಕೆಗೂ ರಜೆ ಕೊಡ್ತಾರೇನ್ಲಾ ನಿನ್ ಕಾಲೇಜಲ್ಲಿ?" ಎಂದರು ಅಮ್ಮ.

"ಕೊಡ್ತಾರೆ ಕಣಮ್ಮ."

"ನಂಗೆ ನಲವತ್ತು ವರ್ಸದಿಂದ ಯಾರೂ ಕೊಡ್ನಿಲ್ವಲ್ಲ" ಎಂದು ಹೇಳಿ, ಕುಕ್ಕರ್ ಇಟ್ಟರು. ಬಿ.ಎಸ್ಸಿ. ಓದಿದ ಮಗ ಎಂಬ ಒಂದೇ ಕಾರಣಕ್ಕೆ ನಂಬಿದರು.

೫. ದಿನಾಂಕ ೦೭-೦೨-೨೦೨೬ರ ಸಂಜೆ ತಾವು ಅಮ್ಮನಿಗೆ ಫೋನ್ ಮಾಡಿ, "ಒಬ್ಬಟ್ಟು ಗಿಬ್ಬಟ್ಟು ಬ್ಯಾಡಿ ಕಣಮ್ಮ, ಡಾಕ್ಟ್ರು ಬಿಟ್ಟಿಲ್ಲ. ಮಡಕೇಲಿ ಉಪ್ಸಾರು ಮಾಡಿದ್ರೆ ಒಂದ್ ಮುದ್ದೆ ಜಾಸ್ತಿ ಉಣ್ಣುವ" ಎಂದು ಅಪ್ಪಣೆ ಕೊಡಿಸಿದಿರಿ. ಇದು ನನಗೆ ತಿಳಿದದ್ದು ಆಮೇಲೆ. ಇಲ್ಲಿ ಕಾಣಿಸಿರುವುದು ಕ್ರಮಕ್ಕಾಗಿ ಮಾತ್ರ. ತಮ್ಮ ಮೇಲೆ ಹೊಣೆ ಹೊರಿಸುವ ಉದ್ದೇಶ ಅರ್ಜಿದಾರನಿಗೆ ಇಲ್ಲ. ಅಮ್ಮ ಮಾರನೇ ದಿನ ಮಡಕೆಯ ರಜೆಯನ್ನು ರದ್ದುಪಡಿಸಿ ಅಟ್ಟದಿಂದ ಇಳಿಸಿದರು. ಆ ಹೊತ್ತಿಗೆ ನಾನು ಬಾಳೆ ಎಲೆ ತರಲು ಮಾರುಕಟ್ಟೆಗೆ ಹೋಗಿದ್ದೆ. ವಾಪಸು ಬಂದಾಗ ತಮ್ಮ ಕಾರು ಬಾಗಿಲಲ್ಲಿತ್ತು. ನಾನು ಅಡುಗೆಮನೆಗೆ ಕಾಲಿಡಲಿಲ್ಲ.

೬. ದಿನಾಂಕ ೦೮-೦೨-೨೦೨೬, ಭಾನುವಾರ, ಮಧ್ಯಾಹ್ನ ೧ ಗಂಟೆ ೧೨ ನಿಮಿಷ. ತಾವು, ಪರಮೇಶ ಮತ್ತು ತಮ್ಮ ಮನೆಯ ಮೂವರು, ಒಟ್ಟು ಐದು ಎಲೆ. ಮುದ್ದೆ ಬಂದಿತ್ತು, ಬಟ್ಟಲಲ್ಲಿ ಸಾರು ಬಂದಿತ್ತು, ಖಾರ ಬಂದಿತ್ತು. ಆಗ ಅಮ್ಮ ಒಳಗಿನಿಂದ, "ಆಕುಸ್ಕಳಿ ಅಣ್ಣಾರೇ, ನೀವ್ ಕೇಳಿದ್ರಲ್ಲ, ಮಡಕೇದೇ ಕಣಿ!" ಎನ್ನುತ್ತ ಮಡಕೆಯನ್ನೇ ಎರಡು ಕೈಯಲ್ಲಿ ಹಿಡಿದು ಬಂದರು.

ನನಗೆ ಮಡಕೆ ಕಂಡಿತು. ಅದಕ್ಕಿಂತ ಮುಂಚೆ ವಾಸನೆ ಬಂದಿತು. ಬೆಳ್ಳುಳ್ಳಿ ಜೀರಿಗೆಯ ಹಿಂದೆ, ತೆಳ್ಳಗೆ, ನಮ್ಮ ಲ್ಯಾಬಿನ ಸ್ಟೋರ್ ರೂಮಿನ ವಾಸನೆ.

"ತಿನ್ಬೇಡಿ!" ಎಂದೆ. ತಮ್ಮ ಬಟ್ಟಲನ್ನು ಎತ್ತಿಕೊಂಡೆ. ಆಗ ತಮ್ಮ ಕೈಯಲ್ಲಿದ್ದ ಮುದ್ದೆಯ ತುತ್ತು ಎಲೆಗೂ ಬಟ್ಟಲಿಗೂ ನಡುವೆ ಇತ್ತು. ಉಳಿದ ನಾಲ್ಕು ಬಟ್ಟಲುಗಳನ್ನೂ ಎತ್ತಿಕೊಂಡೆ. ಎರಡು ಕೈಗೆ ಐದು ಬಟ್ಟಲು ಹೆಚ್ಚೆಂದು ನಂತರ ತಿಳಿಯಿತು.

"ಯಾಕಪ್ಪಾ?" ಎಂದು ತಾವು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ನಿಜ ಹೇಳಿದರೆ, ಮಡಕೆ ಒಡೆದ ವಿಷಯ ಅಮ್ಮನಿಗೆ ಬೀಗರ ಮುಂದೆ ಮೊದಲ ಬಾರಿ ತಿಳಿಯುತ್ತಿತ್ತು. ಆದ ಕಾರಣ, "ಸಾರು ಹಳಸಿದೆ" ಎಂದೆ.

"ಅಳಸಿದ್ಯಾ?" ಎಂದರು ಅಮ್ಮ. "ಅತ್ತು ಗಂಟೇಲಿ ಇಳಿಸಿದ್ ಸಾರು ಒಂದು ಗಂಟೇಗೆ ಅಳಸ್ತದೇನ್ಲಾ? ಸಾರಲ್ಲ ಕಣ್ಲಾ ಅಳಸಿರೋದು, ನಿನ್ ಮೂಗು! ತಕಳಿ ಅಣ್ಣಾರೇ, ನಾನೇ ಕುಡುದ್ ತೋರುಸ್ತೀನಿ." ಹೀಗೆಂದು ಮಡಕೆಯನ್ನು ಸೊಂಟಕ್ಕೆ ಆನಿಸಿ, ಅದರಲ್ಲಿದ್ದ ಸೌಟನ್ನು ಬಾಯಿಗೆ ಎತ್ತಿದರು.

ಅದನ್ನು ನಾನು ನೋಡುತ್ತ ನಿಲ್ಲುವಂತಿರಲಿಲ್ಲ. ಬಟ್ಟಲುಗಳನ್ನು ಕೈಬಿಟ್ಟು ಮಡಕೆಗೆ ಕೈ ಹಾಕಿದೆ. ಚೂರು ಮಾತ್ರ ನನ್ನ ಕೈಗೆ ಬಂತು. ಉಳಿದ ಮಡಕೆ ವಾಲಿ, ಸಾರು ತಮ್ಮ ಪಂಚೆಯ ಮೇಲೆ ಇಳಿಯಿತು. ಸಾರು ಅಷ್ಟರಲ್ಲಿ ಉಗುರುಬೆಚ್ಚಗಾಗಿದ್ದರಿಂದ ಯಾರಿಗೂ ಸುಡಲಿಲ್ಲ ಎಂಬುದೊಂದೇ ಆ ದಿನದ ಅನುಕೂಲ.

ಆಗ ತಾವು, "ಎಂಥ ಕೆಲ್ಸ ಆಯ್ತು, ಹೆಣ್ ನೋಡೋ ಹೊತ್ನಲ್ಲಿ ಮಡಕೆ ಒಡೀತಲ್ಲ!" ಎಂದಿರಿ. ಅಪಶಕುನದ ಮಾತು ದಾಖಲೆಗೆ ಹೋಗಬಾರದೆಂದು ನಾನು ತಕ್ಷಣ, "ಇಲ್ಲ ಸಾರ್, ಇವತ್ತಲ್ಲ, ಹೋದ ತಿಂಗಳೇ ಒಡೆದಿತ್ತು" ಎಂದೆ. ಆ ದಿನ ನಾನು ಹೇಳಿದ ಮೊದಲ ನಿಜ ಅದು. ಯಾರಿಗೂ ಅರ್ಥವಾಗಲಿಲ್ಲ.

೭. ತಾವು ಎದ್ದು ಹೇಳಿದ ಮಾತು ನನಗೆ ನೆನಪಿದೆ: "ಇಷ್ಟ ಇಲ್ದಿದ್ರೆ ಉಪ್ಪಿಟ್ಟಿನ್ ಹೊತ್ನಲ್ಲೇ ಒಂದ್ ಮಾತು ಅನ್ಬೋದಿತ್ತು ಮೇಷ್ಟ್ರೇ. ಮುದ್ದೆ ಮುರಿಸ್ಬುಟ್ಟು ಬಟ್ಲು ಎತ್ತೋದು ಮೂವತ್ನಾಲ್ಕು ವರ್ಷ ಸರ್ವೀಸ್‌ನಲ್ಲಿ ನಾನು ಎಲ್ಲೂ ಕಂಡಿಲ್ಲ." ನಾನು ವಿವರಿಸಲು ಹೋದಾಗ ಉಲ್ಲೇಖ ೧ರ ಆದೇಶ ಆಯಿತು. ತದನಂತರ ತಾವು ನನ್ನ ಪಂಚೆ ಉಟ್ಟುಕೊಂಡು ಯಳಂದೂರಿಗೆ ತೆರಳಿದಿರಿ. ಫೋನ್ ಎತ್ತಲಿಲ್ಲ. ಏನಿದ್ದರೂ ಬರವಣಿಗೆಯಲ್ಲಿ ಎಂದು ತಾವು ಹೇಳಿದ್ದರಿಂದ ಎತ್ತದಿದ್ದದ್ದು ಸರಿಯಾಗಿದೆ.

೮. ಈ ಘಟನೆಯ ಕಾನೂನಾತ್ಮಕ ಸ್ಥಿತಿಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ನಾನು "ತಿನ್ಬೇಡಿ" ಎನ್ನುವ ಮುಂಚೆಯೇ ಚಿ. ಪರಮೇಶ ಎರಡು ತುತ್ತು ನುಂಗಿದ್ದರು. ಅಂದರೆ ಹುಡುಗನ ಒಪ್ಪಿಗೆ ಪೂರ್ಣಗೊಂಡಿದೆ. ನನ್ನ ತಡೆ ಮೂರನೇ ತುತ್ತಿನಿಂದ ಮಾತ್ರ ಅನ್ವಯವಾಗುತ್ತದೆ. ಪೂರ್ಣಗೊಂಡ ಒಪ್ಪಿಗೆಯನ್ನು ಮುಂದಿನ ತುತ್ತಿನ ಕಾರಣಕ್ಕೆ ಹಿಂಪಡೆಯಲು ರೂಢಿಯಲ್ಲಿ ಅವಕಾಶವಿದೆಯೇ ಎಂಬುದನ್ನು ತಾವೇ ತೀರ್ಮಾನಿಸಬೇಕು.

ಆ ಎರಡು ತುತ್ತಿನ ಬಗ್ಗೆ ನನಗೆ ಮೂರು ದಿನ ನಿದ್ದೆ ಬರಲಿಲ್ಲ. ನಮ್ಮ ಬೀದಿಯ ಡಾಕ್ಟರಿಗೆ ಅಂಟಿನ ಪೊಟ್ಟಣ ತೋರಿಸಿ ಕೇಳಿದೆ. ಅಷ್ಟಕ್ಕೆ ಏನೂ ಆಗುವುದಿಲ್ಲ, ದಿನಾ ತಿಂದರೆ ಬೇರೆ ಮಾತು ಎಂದು ಹೇಳಿ, ನನ್ನ ರಕ್ತದೊತ್ತಡ ನೋಡಿ, ನನಗೆ ಮಾತ್ರೆ ಬರೆದುಕೊಟ್ಟರು.

೯. ನನ್ನ ಮಾತು ಸಾಲದಿದ್ದರೆ ತಜ್ಞರ ಅಭಿಪ್ರಾಯ ಇರಲಿ ಎಂದು ದಿನಾಂಕ ೧೪ರಂದು ಹನೂರಿಗೆ ಹೋಗಿ ಪುಟ್ಟಸಿದ್ದಯ್ಯನವರನ್ನು ಕಂಡೆ. ಅವರು ಮಡಕೆಯ ಸಂದನ್ನು ಬಹಳ ಹೊತ್ತು ನೋಡಿದರು.

"ಕೆಲ್ಸ ಚೆಂದಾಗದೆ ಸಾ. ಯಾರು ಮಾಡಿದ್ದು?"

"ನಾನೇ."

"ಅಂಟಾಕಿದ್ ಮಡಕೆಗೆ ಬೆಂಕಿ ತೋರುಸ್ಬಾರ್ದು. ನಿಮ್ ಪುಸ್ತಕದಲ್ಲಿ ಇಲ್ವಾ ಅದು?"

"ಇದೆ."

"ಮತ್ತೆ?"

ನಾನು ಮಡಕೆಯನ್ನು ಚೀಲಕ್ಕೆ ಹಾಕಿಕೊಂಡೆ. ಅವರು ತಿಳಿಸಿದ್ದನ್ನೂ ನಾನು ಪರೀಕ್ಷಿಸಿ ನೋಡಿದ್ದನ್ನೂ ಸೇರಿಸಿ ಹೇಳುವುದಾದರೆ: ಕೂದಲೆಳೆಯ ಬಿರುಕಿದ್ದು, ನೀರು ಜಿನುಗದಿದ್ದರೆ, ಅಕ್ಕಿ ಗಂಜಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಅದರಲ್ಲೇ ಆರಲು ಬಿಟ್ಟರೆ ಮಡಕೆ ಇನ್ನಷ್ಟು ದಿನ ಬರುತ್ತದೆ. ಬಿರುಕು ಆಚೆಯಿಂದ ಈಚೆಗೆ ಹಾದಿದ್ದರೆ, ಚೂರು ಕಳಚಿದ್ದರೆ, ಅದು ಇನ್ನು ಒಲೆಯ ಮಡಕೆಯಲ್ಲ. ಅಂಟಿಸಬಹುದು, ಅಂಟಿಸಿ ಈರುಳ್ಳಿ ತುಂಬಿಡಬಹುದು, ಗಿಡ ನೆಡಬಹುದು. ಪಿಂಗಾಣಿಗೂ ಇದೇ ಮಾತು. ಮತ್ತು ಅಂಟಿಸಿದ ಗೆರೆ ಕಾಣುವಂತಿರಬೇಕು. ಇದು ಪುಟ್ಟಸಿದ್ದಯ್ಯ ಹೇಳಿದ್ದಲ್ಲ, ನಾನು ಸೇರಿಸಿದ್ದು. ನನ್ನ ಕೆಲಸ ಒರಟಾಗಿದ್ದಿದ್ದರೆ ಅಮ್ಮ ಅಟ್ಟದಿಂದ ಇಳಿಸಿದ ಕೂಡಲೇ ಕಂಡುಹಿಡಿದು, ಬೈದು, ಕುಕ್ಕರಿನಲ್ಲಿ ಸಾರು ಮಾಡುತ್ತಿದ್ದರು. ತಾವು ಎರಡು ಮುದ್ದೆ ಉಂಡು, ದಿನ ಗೊತ್ತು ಮಾಡಿ ಹೋಗುತ್ತಿದ್ದಿರಿ. ಚೆನ್ನಾಗಿದ್ದದ್ದರಿಂದ ಕೆಟ್ಟಿತು.

ಅಮ್ಮನಿಗೆ ಪೂರ್ತಿ ವಿಷಯ ಹೇಳಿದಾಗ ಅವರು ಬಹಳ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಮಡಕೆ ಒಡದ್ರೆ ಸಂತೇಲಿ ಇನ್ನೊಂದು ಸಿಕ್ತಿತ್ತು ಕಣ್ಲಾ" ಎಂದು ಮಾತ್ರ ಅಂದರು. "ಬರದ್ಯೇನ್ಲಾ?" ಎಂಬ ಉಲ್ಲೇಖ ೨ರ ಜ್ಞಾಪನಗಳು ಮಾರನೇ ದಿನದಿಂದ ಆರಂಭವಾದವು.

೧೦. ಈ ಅರ್ಜಿಯ ಮೊದಲ ಕರಡು ಇಲ್ಲಿಗೆ ಮುಗಿದಿತ್ತು. ದಿನಾಂಕ ೧೭ರ ಸಂಜೆ ಅದನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋಗಿದ್ದೆ. ಬಂದಾಗ ಧನುಶ್ರೀ ಓದುತ್ತ ನಿಂತಿದ್ದಳು. ಒಂಬತ್ತು ದಿನದಿಂದ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ.

"ಏನಣ್ಣ ಇದು? ನಿನ್ ಮಡಕೆ ವಿಷ್ಯ ಐದು ಪುಟ ಅದೆ. ನನ್ ವಿಷ್ಯ ಎಲ್ಲಿ?"

"ನಿನ್ನ ವಿಷಯವೇ ಅಲ್ವಾ ಇದೆಲ್ಲ?"

"ನನ್ ಹೆಸ್ರು ಒಂದ್ಸಲ ಬಂದದೆ. ಅದೂ ನಿನ್ ವಿಳಾಸದಲ್ಲಿ."

ಎಣಿಸಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಆಮೇಲೆ ಅವಳು ಹೇಳಿದ ಸಂಗತಿಯನ್ನು ಅವಳ ಸೂಚನೆಯಂತೆಯೇ ಇಲ್ಲಿ ದಾಖಲಿಸುತ್ತಿದ್ದೇನೆ. ತಮಗೆ ತಿಳಿದಿರುವಂತೆ ಅವಳು ಮಾರ್ಟಳ್ಳಿಯ ಶಾಲೆಯಲ್ಲಿ ಟೀಚರು; ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಚಿ. ಪರಮೇಶ ಮಾರ್ಟಳ್ಳಿಯ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ಹನೂರಿನಲ್ಲಿ ರೂಮು ಮಾಡಿದ್ದಾರೆ, ಅದೇ ಬಸ್ಸು. ಹದಿನಾಲ್ಕು ತಿಂಗಳಿಂದ. ತಾವು ನಮ್ಮ ಮನೆಯ ವಿಚಾರ ಕೇಳಿದ್ದು ಮದುವೆ ಬ್ರೋಕರ್ ಕೆಂಪನಂಜಪ್ಪನವರ ಕಡೆಯಿಂದ ಎಂದು ತಾವು ತಿಳಿದಿದ್ದೀರಿ. ನಾನೂ ಹಾಗೇ ತಿಳಿದಿದ್ದೆ. ಕೆಂಪನಂಜಪ್ಪನವರಿಗೆ ಎರಡೂ ಮನೆಗೆ ಹೋಗಲು ಹೇಳಿದವರು ಇವರಿಬ್ಬರು. ಅಮ್ಮನಿಗೆ ಗೊತ್ತಿತ್ತು.

"ಇದನ್ನ ಬರೆದ್ರೆ ಅವರು ಒಪ್ತಾರಾ ಧನು?" ಎಂದು ಕೇಳಿದೆ.

"ಒಪ್ಪದಿದ್ರೆ ಒಪ್ಪಲ್ಲ ಅನ್ನೋದಾದ್ರೂ ಗೊತ್ತಾಗ್ಲಿ. ಸಂದಿಗೆ ಪುಡಿ ತುಂಬಿ ಮಸಿ ಬಳಿಯೋದು ನಿನ್ ಕೆಲ್ಸ, ನಂದಲ್ಲ. ಬರಿ."

"ಪರಮೇಶ ಏನಂತಾರೆ?"

"ಏನೂ ಅನ್ನಲ್ಲ. 'ಬರವಣಿಗೇಲಿ ಬರೋಗಂಟ ಆ ಮನೆಯವ್ರ ಜೊತೆ ಮಾತು ಬ್ಯಾಡ' ಅಂತ ಅವ್ರ ದೊಡ್ಡಪ್ಪ ಹೇಳಿದ್ರಂತೆ, ಕೆಂಪನಂಜಪ್ಪೋರು ಅಂದ್ರು. ಮಾತಾಡಲ್ಲ. ಅಷ್ಟೇ." ಕರಡನ್ನು ಮೇಜಿನ ಮೇಲಿಟ್ಟು, "ಸೀಟು ಹಿಡೀಬ್ಯಾಡ ಅಂತ ಹೇಳಿಲ್ವಂತೆ" ಎಂದಳು. ನಗಲಿಲ್ಲ. ಒಳಗೆ ಹೋದಳು.

೧೧. ಒಬ್ಬರ ಮಾತಿನ ಮೇಲೆ ದಾಖಲೆ ಮಾಡುವುದು ಸರಿಯಲ್ಲವಾದ್ದರಿಂದ, ಮಾರನೇ ದಿನ, ದಿನಾಂಕ ೧೮ರ ಬುಧವಾರ, ಅರ್ಧ ದಿನದ ರಜೆ ಹಾಕಿ ನಾನೇ ಮಾರ್ಟಳ್ಳಿಗೆ ಹೋದೆ. ಸಂಜೆಯ ಬಸ್ಸಿಗೆ ಜನ ತುಂಬಿದ್ದರು. ಬಸ್ಸು ಇನ್ನೂ ನಿಲ್ಲುವ ಮುಂಚೆ, ಬೆನ್ನಿಗೆ ಔಷಧಿ ಬ್ಯಾಗು ಹಾಕಿಕೊಂಡಿದ್ದ ಪರಮೇಶ ಓಡಿ ಬಂದು ಮೂರನೇ ಸಾಲಿನ ಕಿಟಕಿಯಿಂದ ಒಂದು ಟವೆಲ್ಲನ್ನು ಒಳಗೆ ಎಸೆದರು. ಆಮೇಲೆ ಅವರು ಆ ಸೀಟಿನ ಹತ್ತಿರ ಹೋಗಲೇ ಇಲ್ಲ. ಹಿಂಬಾಗಿಲ ಕಂಬ ಹಿಡಿದು, ಆಚೆ ನೋಡುತ್ತ ನಿಂತರು. ಧನುಶ್ರೀ ಹತ್ತಿ, ಟವೆಲ್ ಎತ್ತಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಹನೂರು ಬಂದಾಗ ಕಿಟಕಿಯ ಸರಳಿಗೆ ಟವೆಲ್ ನೇತುಹಾಕಿದಳು. ಪರಮೇಶ ಇಳಿದು, ಹೊರಗಿನಿಂದ ಅದನ್ನು ತೆಗೆದುಕೊಂಡು, ಒಂದು ಮಾತೂ ಆಡದೆ ಹೋದರು. ತಮ್ಮ ಆದೇಶವನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದಾರೆ ಎಂಬುದಕ್ಕೆ ನಾನು ಸಾಕ್ಷಿ.

ಬಸ್ಸು ಹನೂರಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬ್ಯಾಗಿನಿಂದ ಅಳತೆ ಟೇಪು ತೆಗೆದೆ. ಧನುಶ್ರೀ ಮುಖ ಮುಚ್ಚಿಕೊಂಡಳು. ಕಂಡಕ್ಟರು, "ಏನ್ ಸಾ, ಬಸ್ಸು ಕೊಂಡ್ಕತೀರಾ?" ಎಂದು ಕೇಳಿದರು. ದಾಖಲೆಗಾಗಿ ಎಂದೆ.

ಆದ್ದರಿಂದ ಮಾನ್ಯರಲ್ಲಿ ಪ್ರಾರ್ಥಿಸುವುದೇನೆಂದರೆ:

ಬಟ್ಟಲು ಎತ್ತಿಕೊಂಡದ್ದು ಅಣ್ಣನ ತಪ್ಪು, ಮನೆಯ ಒಲ್ಲೆಯಲ್ಲ ಎಂದು ದಯಮಾಡಿ ಪರಿಗಣಿಸಬೇಕು. ಅಂದಿನ ಊಟವನ್ನು ಅಪೂರ್ಣವೆಂದು ಘೋಷಿಸಿ, ಅದನ್ನು ದಿನಾಂಕ ೦೧-೦೩-೨೦೨೬ರ ಭಾನುವಾರಕ್ಕೆ ಮುಂದೂಡಿ, ನಿಂತಲ್ಲಿಂದ ಮುಂದುವರಿಸಲು ಅಪ್ಪಣೆ ಕೊಡಬೇಕು. ಬಸ್ಸಿನ ವಿಷಯ ತಮಗೆ ಸರಿಬಾರದಿದ್ದರೆ ಅದನ್ನೂ ಬರವಣಿಗೆಯಲ್ಲಿ ತಿಳಿಸಬೇಕು. ಧನುಶ್ರೀ ತಾನೇ ಓದುತ್ತಾಳಂತೆ. ಸಾರು ಯಾವ ಪಾತ್ರೆಯಲ್ಲಿ ಎಂಬ ಬಗ್ಗೆ ಅಮ್ಮ ಇನ್ನೂ ತೀರ್ಮಾನ ತಿಳಿಸಿಲ್ಲ. ನನ್ನ ಅಭಿಪ್ರಾಯ ಕೇಳುವುದಿಲ್ಲವೆಂದು ಮಾತ್ರ ತಿಳಿಸಿದ್ದಾರೆ. ಬಡಿಸುವ ಹೊತ್ತಿನಲ್ಲಿ ನಾನು ಮನೆಯ ಹೊರಗಿನ ಜಗಲಿಯ ಮೇಲೆ ಕೂರಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ ಎಂದು ಬರೆಯುವ ಅರ್ಹತೆಯನ್ನು ಸದ್ಯಕ್ಕೆ ಕಳೆದುಕೊಂಡು, ಅದರ ಮರುಮಂಜೂರಾತಿಯ ನಿರೀಕ್ಷೆಯಲ್ಲಿರುವ,

(ಸಹಿ)
ಷಡಕ್ಷರಿ

ಓದಿ ನೋಡಿದ್ದೇನೆ. ೧೦ನೇ ಅಂಶ ನನ್ನದೇ ಹೇಳಿಕೆ.
(ಸಹಿ)
ಧನುಶ್ರೀ

ಲಗತ್ತುಗಳು:
೧. ತಮ್ಮ ಪಂಚೆ, ಒಂದು. ಒಗೆದು ಇಸ್ತ್ರಿ ಮಾಡಿದೆ. ಅಂಚಿನಲ್ಲಿ ಸೊಪ್ಪಿನ ಬಣ್ಣ ಉಳಿದಿದೆ; ಮೂರು ವಿಧಾನಗಳಿಂದ ಪ್ರಯತ್ನಿಸಿದ್ದೇನೆ, ನಾಲ್ಕನೆಯದು ಬಟ್ಟೆಗೆ ಸುರಕ್ಷಿತವಲ್ಲ. ತಾವು ಉಟ್ಟು ಹೋದ ನನ್ನ ಪಂಚೆಯನ್ನು ಹಿಂದಿರುಗಿಸುವ ಅಗತ್ಯವಿಲ್ಲ.
೨. ಅಂಟಿನ ಪೊಟ್ಟಣದ ಹಿಂಬದಿ, ಜೆರಾಕ್ಸ್, ನಾಲ್ಕು ಪಟ್ಟು ದೊಡ್ಡದು ಮಾಡಿಸಿದ್ದು.
೩. ಬುಧವಾರದ ಬಸ್ ಟಿಕೆಟ್, ಒಂದು.

ವಿಶೇಷ ಕೋರಿಕೆ: ಎಲ್ಲ ಕೋರಿಕೆಗಳನ್ನು ಒಟ್ಟಿಗೆ ಮಂಜೂರು ಮಾಡಲು ಸಮಯ ಬೇಕಾಗುವುದಾದರೆ, ಮಾತು ಬೇಡವೆಂದು ಚಿ. ಪರಮೇಶನಿಗೆ ಕೊಟ್ಟ ಆದೇಶದ ತೆರವು, ಇದೊಂದನ್ನಾದರೂ ತುರ್ತಾಗಿ ಪರಿಶೀಲಿಸಬೇಕಾಗಿ ವಿನಂತಿ. ಮಾರ್ಟಳ್ಳಿಯಿಂದ ಹನೂರಿಗೆ ಬರುವ ಸಂಜೆಯ ಬಸ್ಸಿನಲ್ಲಿ, ಟವೆಲ್ ಬಿದ್ದ ಸೀಟಿನಿಂದ ಟವೆಲ್ ಎಸೆದವರು ನಿಲ್ಲುವ ಕಂಬದವರೆಗೆ, ನಾನು ಎರಡು ಸಲ ಅಳೆದಂತೆ, ನಾಲ್ಕು ಮೀಟರ್ ಹತ್ತು ಸೆಂಟಿಮೀಟರ್.